ವೀರಗಲ್ಲು, ಗ್ರಹಣ, ಎಕ್ಸೆಲ್: ನಿಮ್ಮ ತಾಲೂಕಿನ ಶಾಸನಗಳನ್ನು ಎಣಿಸಿ ಓದುವುದು ಹೇಗೆ

ಮದ್ದೂರು ತಾಲೂಕಿನ ಆತಕೂರಿನಲ್ಲಿದ್ದ ಒಂದು ಕಲ್ಲು ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ. ಅದರ ಮೇಲೆ ಒಂದು ನಾಯಿ ಒಂದು ಹಂದಿಯ ಜೊತೆ ಕಾದಾಡುತ್ತಿದೆ. ನಾಯಿಯ ಹೆಸರು ಕಾಳಿ. ಮಣಲೇರ ಅನ್ನೋ ಯೋಧ ಅದನ್ನು ಬಹುಮಾನವಾಗಿ ಕೇಳಿ ಪಡೆದಿದ್ದ. ದೊಡ್ಡ ಕಾಡುಹಂದಿಯ ಮೇಲೆ ಬಿಟ್ಟಾಗ ಎರಡೂ ಹೋರಾಡಿ ಸತ್ತವು. ಅದೇ ಕಲ್ಲಿನಲ್ಲಿ ತಕ್ಕೋಲದ ಯುದ್ಧದ ಸುದ್ದಿಯೂ ಇದೆ, ಗಂಗರ ಬೂತುಗ ಚೋಳರ ರಾಜಾದಿತ್ಯನನ್ನು ಕೊಂದದ್ದೂ ಇದೆ.

ಈಗ ನೀವು ವೀರಗಲ್ಲುಗಳ ಪಟ್ಟಿ ಮಾಡುತ್ತಿದ್ದೀರಿ ಅಂದುಕೊಳ್ಳಿ. ‘ಸತ್ತವರ ಹೆಸರು’ ಅನ್ನೋ ಕಾಲಂನಲ್ಲಿ ಏನು ಬರೆಯುತ್ತೀರಿ? ‘ಕಾರಣ’ ಯುದ್ಧವೋ, ಬೇಟೆಯೋ? ಕಂಪ್ಯೂಟರಿಗೆ ಒಂದೇ ಉತ್ತರ ಬೇಕು. ಕಲ್ಲು ಎರಡು ಹೇಳುತ್ತಿದೆ.

ಇತಿಹಾಸ, ಸಾಹಿತ್ಯ ಓದುವವರು ವಿಜ್ಞಾನದ ದಾರಿ ಹಿಡಿದಾಗ ಮೊದಲು ಎಡವುವುದು ಇಲ್ಲೇ. ಸಾಫ್ಟ್‌ವೇರ್ ಕಷ್ಟ ಅಲ್ಲ. ಕಲ್ಲು ಹೇಳಿದ್ದನ್ನು ಕತ್ತರಿಸದೆ ಕಾಲಂಗೆ ಇಳಿಸುವುದು ಕಷ್ಟ. ನಿಮ್ಮ ತಾಲೂಕಿನ ಶಾಸನಗಳನ್ನೇ ಇಟ್ಟುಕೊಂಡು, ಒಂದು ಲ್ಯಾಪ್‌ಟಾಪ್, ಒಂದು ಫೋನಿನಲ್ಲಿ ಈ ಕೆಲಸ ಹೇಗೆ ಮಾಡಬಹುದು ಅಂತ ನಾನು ಬಿದ್ದು ಎದ್ದು ಕಲಿತಷ್ಟನ್ನು ಇಲ್ಲಿ ಹೇಳುತ್ತೇನೆ.

ಮೊದಲು ಪ್ರಶ್ನೆ, ಆಮೇಲೆ ಫೈಲು

‘ಶಾಸನಗಳ ಡಿಜಿಟಲ್ ಅಧ್ಯಯನ’ ಅಂತ ಹೊರಟರೆ ಎಲ್ಲೂ ಮುಟ್ಟುವುದಿಲ್ಲ. ಸಣ್ಣ ಪ್ರಶ್ನೆ ಹಿಡಿಯಿರಿ. ಉದಾಹರಣೆಗೆ: ನಮ್ಮ ತಾಲೂಕಿನಲ್ಲಿ ದನ ಬಿಡಿಸಿಕೊಳ್ಳಲು ಹೋಗಿ ಸತ್ತವರ ಕಲ್ಲುಗಳು ಯಾವ ಕಾಲದಲ್ಲಿ ಜಾಸ್ತಿ? ದನ ಹೊಡೆದುಕೊಂಡು ಹೋಗುವುದಕ್ಕೆ ಹಳಗನ್ನಡದಲ್ಲಿ ತುಱುಗೋಳ್ ಅನ್ನುತ್ತಾರೆ. ಊರಳಿವು (ಊರಿನ ನಾಶ), ಪೆಣ್ಬುಯ್ಯಲ್ (ಹೆಂಗಸರ ಮೊರೆ), ಗಡಿ ಜಗಳ, ಹುಲಿ ಬೇಟೆ ಇವೆಲ್ಲ ಬೇರೆ ಬೇರೆ ಕಾರಣಗಳು.

ಪ್ರಶ್ನೆಯ ಕೆಳಗೆ ಎರಡು ಸಾಲು ಬರೆದಿಡಿ. ಒಂದು, ಉತ್ತರ ಏನು ಬರಬಹುದು ಅಂತ ನಿಮ್ಮ ಊಹೆ. ಎರಡು, ಏನು ಕಂಡರೆ ನಿಮ್ಮ ಊಹೆ ತಪ್ಪು ಅಂತ ಒಪ್ಪುತ್ತೀರಿ. ಈ ಎರಡನೇ ಸಾಲನ್ನು ನಮ್ಮ ಕಡೆಯವರು ಯಾರೂ ಬರೆಯುವುದಿಲ್ಲ. ಎಣಿಸಿದ ಮೇಲೆ ಬರೆದರೆ ಪ್ರಯೋಜನ ಇಲ್ಲ, ಯಾಕೆಂದರೆ ಅಷ್ಟು ಹೊತ್ತಿಗೆ ಮನಸ್ಸು ಬಂದ ಉತ್ತರಕ್ಕೆ ತಕ್ಕ ಕತೆ ಕಟ್ಟಿಕೊಂಡು ಕೂತಿರುತ್ತದೆ.

ಪಠ್ಯ ಎಲ್ಲಿ ಸಿಗುತ್ತದೆ

ಹಳೇ ಮೈಸೂರು ಭಾಗದವರ ಅದೃಷ್ಟ ದೊಡ್ಡದು. ಬಿ. ಎಲ್. ರೈಸ್ 1886ರಿಂದ ಶುರು ಮಾಡಿ ಇಪ್ಪತ್ತು ವರ್ಷದೊಳಗೆ ಎಪಿಗ್ರಾಫಿಯಾ ಕರ್ನಾಟಿಕಾ ಅನ್ನೋ ಶಾಸನ ಸಂಗ್ರಹದ ಹನ್ನೆರಡು ಸಂಪುಟ ತಂದರು. ಹೆಚ್ಚಿನವು ತಾಲೂಕುವಾರು. ಹಳೆಯ ಸಂಪುಟಗಳ ಸ್ಕ್ಯಾನ್ ಪ್ರತಿ ಇಂಟರ್‌ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತದೆ. 1972ರಿಂದ ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ ಪರಿಷ್ಕೃತ ಸಂಪುಟಗಳನ್ನು ತಂದಿತು. ಅವುಗಳಲ್ಲಿ ಓದು ತಿದ್ದಿದೆ, ಹೊಸ ಶಾಸನ ಸೇರಿದೆ, ನಂಬರೂ ಬದಲಾಗಿದೆ. ಹಾಗಾಗಿ ಎರಡೂ ನಂಬರಿಗೆ ಎರಡು ಕಾಲಂ ಇಡಿ. ಇಲ್ಲದಿದ್ದರೆ ಒಂದೇ ಕಲ್ಲು ಎರಡು ಸಲ ಎಣಿಕೆಗೆ ಬರುತ್ತದೆ.

ಉತ್ತರ ಕರ್ನಾಟಕದವರು ರೈಸ್ ಸಂಪುಟಗಳಲ್ಲಿ ಹುಡುಕಬೇಡಿ, ಅವರ ಕೆಲಸ ಮೈಸೂರು ಸಂಸ್ಥಾನ ಮತ್ತು ಕೊಡಗಿಗೆ ಸೇರಿದ್ದು. ನಿಮಗೆ ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಸಂಪುಟ 11, 15, 18, 20 ಮತ್ತು ಹಂಪಿ ಕನ್ನಡ ವಿಶ್ವವಿದ್ಯಾಲಯದ ಶಾಸನ ಸಂಪುಟಗಳು ಬೇಕು.

ಸ್ಕ್ಯಾನ್ ಪುಟವನ್ನು ಗೂಗಲ್ ಡ್ರೈವ್‌ಗೆ ಹಾಕಿ ಡಾಕ್ಸ್‌ನಲ್ಲಿ ತೆರೆದರೆ ಕನ್ನಡ ಅಕ್ಷರ ತಕ್ಕಮಟ್ಟಿಗೆ ಬರುತ್ತದೆ. ತಕ್ಕಮಟ್ಟಿಗೆ ಮಾತ್ರ. ಹಳಗನ್ನಡದ ಱ ಮತ್ತು ೞ ಕಂಡರೆ ಅದಕ್ಕೆ ತಲೆ ಕೆಡುತ್ತದೆ. ಪುಟ ಪುಟ ಪಕ್ಕದಲ್ಲಿಟ್ಟು ತಿದ್ದಲೇಬೇಕು, ಬೇರೆ ದಾರಿ ಇಲ್ಲ.

ಹುಡುಕಾಟ ಅನ್ನೋ ಬಲೆ

ಮೊದಲ ಸಲ ನಾನು ಫೈಲಿನಲ್ಲಿ ‘ತುರು’ ಅಂತ ಹುಡುಕಿದೆ. ಒಂದೂ ಸಿಗಲಿಲ್ಲ. ಅರೆ, ನಮ್ಮ ಕಡೆ ದನಗಳ್ಳತನವೇ ಇರಲಿಲ್ವಾ ಅಂತ ಖುಷಿಯಿಂದ ಅರ್ಧ ಪುಟ ಬರೆದೂಬಿಟ್ಟೆ. ಆಮೇಲೆ ನೋಡಿದರೆ ಕಲ್ಲಿನಲ್ಲಿರುವುದು ತುಱು. ನಾನು ಕೊಟ್ಟಿದ್ದು ರ, ಅದರಲ್ಲಿದ್ದದ್ದು ಱ. ನಮ್ಮ ಕಣ್ಣಿಗೆ ಒಂದೇ ಪದ, ಯಂತ್ರಕ್ಕೆ ಬೇರೆ ಬೇರೆ.

ಸರಿ, ಬೇರೆ ಫೈಲುಗಳನ್ನೂ ಸೇರಿಸಿ, ರೆಗೆಕ್ಸ್ (ಮಾದರಿ) ಹುಡುಕಾಟದಲ್ಲಿ ಎರಡೂ ಸಿಗುವ ಹಾಗೆ ತು[ರಱ]ು ಅಂತ ಕೊಟ್ಟೆ. ಈಗ ರಾಶಿ ರಾಶಿ ಬಂತು. ಅದರಲ್ಲಿ ವಿಜಯನಗರ ಕಾಲದ ಶಾಸನಗಳೂ ಇದ್ದವು. ತೆರೆದು ಓದಿದರೆ ದನವೂ ಇಲ್ಲ, ಕರುವೂ ಇಲ್ಲ. ತುರುಕರು, ತುರುಷ್ಕರು ಅಂತ ಇದೆ. ತುರ್ಕರ ಸೈನ್ಯದ ಜೊತೆ ನಡೆದ ಯುದ್ಧವೆಲ್ಲ ನನ್ನ ಲೆಕ್ಕದಲ್ಲಿ ಹಸು ಹೊಡೆದುಕೊಂಡು ಹೋದ ಪ್ರಕರಣ ಆಗಿಬಿಟ್ಟಿತ್ತು.

ಆದ್ದರಿಂದ ನಿಯಮ ಇಷ್ಟೇ. ಹುಡುಕಾಟ ಸಾಲು ತೋರಿಸಲಿ, ತೀರ್ಮಾನ ನೀವು ಮಾಡಿ. ಸಿಕ್ಕ ಪ್ರತಿ ಸಾಲನ್ನೂ ಹಿಂದೆ ಮುಂದೆ ಓದಿ ‘ಹೌದು’, ‘ಅಲ್ಲ’, ‘ಸಂಶಯ’ ಅಂತ ಗುರುತು ಹಾಕಿ. ನೂರಿನ್ನೂರು ಸಾಲು ಒಂದು ವಾರದಲ್ಲಿ ಮುಗಿಯುತ್ತದೆ.

ಇನ್ನೊಂದು ಕಣ್ಣಿಗೆ ಕಾಣದ ಕಾಟ ಇದೆ. ಕನ್ನಡದ ಸೊನ್ನೆ ಅಂಕಿ ೦ ಮತ್ತು ಅನುಸ್ವಾರ ಂ ನೋಡೋಕೆ ಒಂದೇ ತರ. ಟೈಪ್ ಮಾಡುವವರು ಎಷ್ಟೋ ಸಲ ಅನುಸ್ವಾರದ ಜಾಗದಲ್ಲಿ ಸೊನ್ನೆ ಒತ್ತಿರುತ್ತಾರೆ. ‘ಗಂಗ’ ಅಂತ ಹುಡುಕಿದರೆ ಅರ್ಧ ಗಂಗರು ಸಿಗುವುದೇ ಇಲ್ಲ. ಎಣಿಸುವ ಮುಂಚೆ, ಅಕ್ಷರದ ಪಕ್ಕ ಬಂದ ಸೊನ್ನೆಗಳನ್ನೆಲ್ಲ ಅನುಸ್ವಾರ ಮಾಡಿ. ಹಳೆ ನುಡಿ ಫಾಂಟಿನ ಫೈಲಾದರೆ ಮೊದಲು ಯೂನಿಕೋಡ್‌ಗೆ ಬದಲಿಸಿಕೊಳ್ಳಿ. ಮೂಲ ಫೈಲನ್ನು ಮಾತ್ರ ಮುಟ್ಟಬೇಡಿ, ತಿದ್ದುವುದೆಲ್ಲ ಪ್ರತಿಯಲ್ಲಿ.

ಕಾಲಂಗಳು

ಒಂದು ಸಾಲಿಗೆ ಒಂದು ಶಾಸನ. ಊರು, ಸಿಕ್ಕಿದ ಜಾಗ, ಈಗಿರುವ ಜಾಗ, ಅರಸ, ಕಾಲ, ಬಗೆ (ವೀರಗಲ್ಲು, ಸತಿ ಹೋದವರ ಮಾಸ್ತಿಗಲ್ಲು, ಜೈನರ ಸ್ಮಾರಕವಾದ ನಿಸಿಧಿ, ದಾನ ಶಾಸನ), ಕಾರಣ, ಮೂಲ ಪಠ್ಯದ ಆ ಸಾಲು. ಈ ಕೊನೆಯದು ಬಹಳ ಮುಖ್ಯ. ‘ಕಾರಣ: ತುಱುಗೋಳ್’ ಅಂತ ಬರೆದರೆ ಅದಕ್ಕೆ ಆಧಾರವಾದ ಪದಗಳು ಪಕ್ಕದಲ್ಲೇ ಇರಬೇಕು. ನಾಳೆ ಯಾರಾದರೂ ಜಗಳಕ್ಕೆ ಬಂದರೆ ತೋರಿಸಬಹುದು ಅಂತಲ್ಲ, ಆರು ತಿಂಗಳ ನಂತರ ನಿಮಗೇ ಅನುಮಾನ ಬರುತ್ತದೆ.

ಖಾಲಿ ಬಿಡಬೇಡಿ. ‘ಶಾಸನದಲ್ಲಿ ಹೇಳಿಲ್ಲ’ ಬೇರೆ, ‘ಕಲ್ಲು ಒಡೆದು ಆ ಭಾಗ ಹೋಗಿದೆ’ ಬೇರೆ, ‘ನನಗೆ ಓದೋಕೆ ಬರಲಿಲ್ಲ’ ಬೇರೆ. ಮೂರನ್ನೂ ಖಾಲಿ ಬಿಟ್ಟರೆ ಕಂಪ್ಯೂಟರ್ ಮೂರನ್ನೂ ‘ಇಲ್ಲ’ ಅಂತ ಎಣಿಸುತ್ತದೆ.

ಆತಕೂರಿನ ಕಾಳಿಯನ್ನು ನಾನು ಕೊನೆಗೆ ಎರಡು ಸಾಲು ಮಾಡಿದೆ. ಒಂದು ಘಟನೆಗೆ ಒಂದು ಸಾಲು, ಎರಡಕ್ಕೂ ಒಂದೇ ಕಲ್ಲಿನ ನಂಬರ್. ‘ಸತ್ತವರು’ ಕಾಲಂ ಪಕ್ಕ ‘ಮನುಷ್ಯ/ಪ್ರಾಣಿ’ ಅಂತ ಇನ್ನೊಂದು ಕಾಲಂ ಹುಟ್ಟಿತು. ಒಂದು ನಾಯಿಗಾಗಿ ಇಡೀ ಟೇಬಲ್ ಬದಲಿಸಬೇಕಾ ಅಂತ ಗೆಳೆಯನೊಬ್ಬ ನಕ್ಕ. ಬದಲಿಸಬೇಕು. ಕಲ್ಲು ಹಾಕಿಸಿದವರಿಗೆ ಆ ನಾಯಿ ಅಷ್ಟು ಮುಖ್ಯವಾಗಿತ್ತು, ನಮ್ಮ ಟೇಬಲ್ ಅದನ್ನು ‘ಇತರೆ’ಗೆ ತಳ್ಳಿದರೆ ತಪ್ಪು ಟೇಬಲ್‌ದು.

ಮೊದಲ ಮೂವತ್ತು ಶಾಸನಗಳನ್ನು ಇಬ್ಬರು ಬೇರೆ ಬೇರೆ ಕೂತು ತುಂಬಿಸಿ. ಮಾತಾಡಿಕೊಳ್ಳಬೇಡಿ. ಆಮೇಲೆ ಹೋಲಿಸಿ. ಹೊಂದದೆ ಹೋದ ಕಡೆಯೆಲ್ಲ ನಿಮ್ಮ ವರ್ಗೀಕರಣ ಮಂಕಾಗಿದೆ ಅಂತ ಅರ್ಥ.

ಕಾಲ: ಇಲ್ಲಿ ಸ್ವಲ್ಪ ಗಣಿತ ಬೇಕು

‘ಕಾರ್ಬನ್ ಡೇಟಿಂಗ್ ಮಾಡಿಸಬಹುದಲ್ವಾ?’ ಅಂತ ಎಲ್ಲರೂ ಕೇಳುತ್ತಾರೆ. ಆಗಲ್ಲ. ಅದಕ್ಕೆ ಒಂದು ಕಾಲದಲ್ಲಿ ಜೀವವಿದ್ದ ವಸ್ತು ಬೇಕು. ಮರ, ಇದ್ದಿಲು, ಮೂಳೆ. ನಮ್ಮ ಭಾಗದ ನೈಸ್ ಕಲ್ಲಿನ ವಯಸ್ಸು ಸುಮಾರು 300 ಕೋಟಿ ವರ್ಷ. ಕಲ್ಲಿನ ವಯಸ್ಸು ಗೊತ್ತಾದರೂ ಅಕ್ಷರದ ವಯಸ್ಸು ಗೊತ್ತಾಗುವುದಿಲ್ಲ. ಆದರೆ ಶಾಸನ ಬರೆಸಿದವರು ಪಂಚಾಂಗ ನೋಡಿ ಬರೆಸಿದ್ದಾರೆ. ಆಕಾಶ ಲೆಕ್ಕಕ್ಕೆ ಸಿಗುತ್ತದೆ.

ಶಕ ವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ. ಘಟನೆ ಜನವರಿಯಿಂದ ಯುಗಾದಿಯೊಳಗೆ ಬಿದ್ದರೆ 79. ಸಂವತ್ಸರದ ಹೆಸರು ಇದ್ದರೆ ಪರೀಕ್ಷೆಯೂ ಸುಲಭ. ಶಕ ವರ್ಷಕ್ಕೆ 12 ಕೂಡಿಸಿ, 60ರಿಂದ ಭಾಗಿಸಿ, ಉಳಿದ ಶೇಷ ನೋಡಿ. ಶೇಷ 1 ಆದರೆ ಪ್ರಭವ, 2 ವಿಭವ, ಹೀಗೆ. ಸೊನ್ನೆ ಬಂದರೆ ಅಕ್ಷಯ. ಬೇಲೂರು ಚೆನ್ನಕೇಶವನ ಪ್ರತಿಷ್ಠೆ ಶಕ 1039, ಹೇಮಲಂಬಿ. 1039ಕ್ಕೆ 12 ಸೇರಿದರೆ 1051, ಶೇಷ 31. ಮೂವತ್ತೊಂದನೆಯದು ಹೇಮಲಂಬಿಯೇ. ವರ್ಷ 1117. ನಮ್ಮ 2017ರ ಯುಗಾದಿಗೆ ಬಂದದ್ದೂ ಅದೇ ಸಂವತ್ಸರ, ನಡುವೆ ಸರಿಯಾಗಿ ಹದಿನೈದು ಸುತ್ತು.

ಈಗ ಆತಕೂರು. ಶಕ 872, ಸೌಮ್ಯ ಅಂತಿದೆ. 872ಕ್ಕೆ 12 ಸೇರಿಸಿದರೆ 884, ಶೇಷ 44. ಅದು ಸಾಧಾರಣ ಸಂವತ್ಸರ, ಸೌಮ್ಯ 43. ಒಂದು ವರ್ಷ ತಪ್ಪಿತು! ಬರೆದವನದು ತಪ್ಪಾ? ಅಲ್ಲ. ವರ್ಷ ಎಣಿಸುವುದರಲ್ಲಿ ಎರಡು ಪದ್ಧತಿ ಇತ್ತು, ಮುಗಿದ ವರ್ಷ ಹೇಳುವುದು ಒಂದು, ನಡೆಯುತ್ತಿರುವ ವರ್ಷ ಹೇಳುವುದು ಇನ್ನೊಂದು. ಬೇಲೂರಿನದು ಮುಗಿದ ವರ್ಷ, ಆತಕೂರಿನದು ನಡೆಯುತ್ತಿದ್ದ ವರ್ಷ. ಹಾಗಾಗಿ ಮುಗಿದ ಶಕ ವರ್ಷ 871, ಅಂದರೆ ಕ್ರಿ.ಶ. 949–50. ಮಗುವಿಗೆ ‘ಎಂಟು ತುಂಬಿತು’ ಅನ್ನುವುದಕ್ಕೂ ‘ಒಂಬತ್ತು ನಡೀತಿದೆ’ ಅನ್ನುವುದಕ್ಕೂ ಇರುವಷ್ಟೇ ವ್ಯತ್ಯಾಸ. ಕಣ್ಣುಮುಚ್ಚಿ 78 ಕೂಡಿಸಿದ್ದರೆ ತಕ್ಕೋಲದ ಸುದ್ದಿ ಒಂದು ವರ್ಷ ಮುಂದೆ ಹೋಗುತ್ತಿತ್ತು.

ಸುಮಾರು ಹತ್ತನೇ ಶತಮಾನಕ್ಕಿಂತ ಹಿಂದಿನ ಶಾಸನಗಳಿಗೆ ಈ ಶೇಷದ ಸೂತ್ರ ಎಲ್ಲಾ ಸಲ ನಡೆಯುವುದಿಲ್ಲ, ಆಗ ಗುರುವಿನ ಚಲನೆ ನೋಡಿ ಸಂವತ್ಸರ ಹೇಳುವ ರೂಢಿಯೂ ಇತ್ತು. ಚಾಳುಕ್ಯ ವಿಕ್ರಮ ವರ್ಷ ಕಂಡರೆ 1075 ಕೂಡಿಸಿ; ಆರನೇ ವಿಕ್ರಮಾದಿತ್ಯನ ಮೊದಲ ವರ್ಷ 1076, ನಳ ಸಂವತ್ಸರ.

ತಿಥಿ, ವಾರ ಇದ್ದರೆ ಇನ್ನೂ ಗಟ್ಟಿ. ಸ್ವಾಮಿಕಣ್ಣು ಪಿಳ್ಳೈ 1922ರಲ್ಲಿ ತಂದ ಕೋಷ್ಟಕಗಳಲ್ಲಿ ಕ್ರಿ.ಶ. 700ರಿಂದ 1799ರವರೆಗಿನ ದಿನಗಳಿವೆ. ಕೈಯಲ್ಲಿ ಬೇಡ ಅಂದರೆ ಜಪಾನಿನ ಮಿಚಿಯೊ ಯಾನೊ ಸೂರ್ಯಸಿದ್ಧಾಂತದ ಮೇಲೆ ಕಟ್ಟಿದ ಪಂಚಾಂಗ ಪ್ರೋಗ್ರಾಂ ಇದೆ. ಗ್ರಹಣಕ್ಕೆ ನಾಸಾದ ಗ್ರಹಣ ಪಟ್ಟಿ, ಆ ದಿನದ ಆಕಾಶ ನೋಡೋಕೆ ಸ್ಟೆಲ್ಲೇರಿಯಂ. 1582ಕ್ಕಿಂತ ಹಿಂದಿನ ತಾರೀಕುಗಳೆಲ್ಲ ಜೂಲಿಯನ್ ಕ್ಯಾಲೆಂಡರಿನವು ಅನ್ನುವುದು ನೆನಪಿರಲಿ. ಇದೂ ಒಂದು ಕಾರಣವಾಗಿ ಹನ್ನೆರಡನೇ ಶತಮಾನದ ಉತ್ತರಾಯಣ ಸಂಕ್ರಾಂತಿ ಡಿಸೆಂಬರ್ 24–25ರ ಸುಮಾರಿಗೆ ಬೀಳುತ್ತದೆ, ಗಾಬರಿಯಾಗಬೇಡಿ. ಎಕ್ಸೆಲ್ 1900ಕ್ಕಿಂತ ಹಿಂದಿನದನ್ನು ತಾರೀಕು ಅಂತ ಒಪ್ಪುವುದೇ ಇಲ್ಲ. ವರ್ಷ, ತಿಂಗಳು, ದಿನಕ್ಕೆ ಮೂರು ಕಾಲಂ ಮಾಡಿ.

ಗ್ರಹಣದಿಂದ ದಿನ ಹಿಡಿದದ್ದಕ್ಕೆ ಪಟ್ಟದಕಲ್ಲಿನ ಕಂಬವೇ ಸಾಕ್ಷಿ. ಜ್ಞಾನಶಿವಾಚಾರ್ಯ ನಿಲ್ಲಿಸಿದ ಕಂಬ, ಬಾದಾಮಿ ಚಾಲುಕ್ಯರ ಎರಡನೇ ಕೀರ್ತಿವರ್ಮನ ಕಾಲದ್ದು. ಅದರಲ್ಲಿ ಹೇಳಿರುವ ಸೂರ್ಯಗ್ರಹಣವನ್ನು ಲೆಕ್ಕ ಹಾಕಿ 754ರ ಜೂನ್ 25 ಅಂತ ಗುರುತಿಸಿದ್ದಾರೆ. ಬೆಂಗಳೂರಿನ ಖಗೋಳ ವಿಜ್ಞಾನಿ ಬಿ. ಎಸ್. ಶೈಲಜಾ ಮತ್ತು ಗೀತಾ ಕೈದಾಳ ಶಾಸನಗಳಲ್ಲಿರುವ ಇಂಥ ಆಕಾಶದ ದಾಖಲೆಗಳ ಮೇಲೇ ಕೆಲಸ ಮಾಡಿದ್ದಾರೆ.

ಆದರೆ ಗ್ರಹಣ ಕಂಡ ಕೂಡಲೇ ಕುಣಿಯಬೇಡಿ. ಭೂಮಿಯ ಮೇಲೆ ವರ್ಷಕ್ಕೆ ಕನಿಷ್ಠ ಎರಡು ಸೂರ್ಯಗ್ರಹಣ ಆಗಿಯೇ ಆಗುತ್ತವೆ, ಹುಡುಕಿದರೆ ಯಾವುದೋ ಒಂದು ಹೊಂದುತ್ತದೆ. ಊರಿಗೆ ಕಾಣದ ಗ್ರಹಣಕ್ಕೂ ಪಂಚಾಂಗ ನೋಡಿ ದಾನ ಕೊಟ್ಟದ್ದುಂಟು. ಮತ್ತೆ ನಮ್ಮಲ್ಲಿ ವಾರ ಬದಲಾಗುವುದು ಸೂರ್ಯ ಹುಟ್ಟಿದಾಗ. ಮಧ್ಯರಾತ್ರಿ ಕಳೆದು ಆದ ಸೋಮಗ್ರಹಣ, ಅಂದರೆ ಚಂದ್ರಗ್ರಹಣ, ಹಿಂದಿನ ವಾರದ ಲೆಕ್ಕಕ್ಕೆ ಸೇರುತ್ತದೆ.

ಇನ್ನು ನನಗೆ ತುಂಬಾ ಇಷ್ಟವಾದ ಪರೀಕ್ಷೆ. ವಾರ ಹೇಳಿರುವ 21 ಶಾಸನ ನಿಮ್ಮ ಹತ್ತಿರ ಇವೆ ಅಂದುಕೊಳ್ಳಿ. ನಿಮ್ಮ ಲೆಕ್ಕ ಪೂರಾ ಹುಚ್ಚಾಟವಾಗಿದ್ದರೂ ಏಳಕ್ಕೆ ಒಂದರಂತೆ ಸುಮಾರು ಮೂರು ಹೊಂದುತ್ತವೆ, ಸುಮ್ನೆ ಅದೃಷ್ಟದಿಂದ. ಹದಿನೈದು ಹದಿನಾರು ಹೊಂದಿದರೆ ಲೆಕ್ಕ ಸರಿ ಇದೆ. ಈಗ ಬೇಕಂತಲೇ ಎಲ್ಲಾ ವರ್ಷಕ್ಕೂ ಒಂದು ಕೂಡಿಸಿ ಮತ್ತೆ ಓಡಿಸಿ. ಹೊಂದುವುದು ಮೂರಕ್ಕೋ ಅದಕ್ಕಿಂತ ಕೆಳಕ್ಕೋ ಕುಸಿಯಬೇಕು. ಕುಸಿಯಲಿಲ್ಲ ಅಂದರೆ ನಿಮ್ಮ ವಿಧಾನದಲ್ಲೇ ಎಲ್ಲೋ ಸಡಿಲ ಇದೆ, ಪಕ್ಕದ ದಿನವನ್ನೂ ‘ಹೊಂದಿತು’ ಅಂತ ಬಿಟ್ಟುಕೊಡುತ್ತಿದ್ದೀರಿ.

ಹೊಂದದೆ ಉಳಿದವನ್ನು ಕೂಟ (ನಕಲಿ) ಶಾಸನ ಅಂತ ತಕ್ಷಣ ಬರೆದುಬಿಡಬೇಡಿ. ಕಂಡರಿಸಿದವನ ಕೈತಪ್ಪಿರಬಹುದು, ಓದಿದವರದು ತಪ್ಪಿರಬಹುದು, ದಾನ ಕೊಟ್ಟು ವರ್ಷಗಳ ಮೇಲೆ ಕಲ್ಲು ಹಾಕಿಸಿರಬಹುದು. ಹಲ್ಮಿಡಿ ಶಾಸನದ ಹಾಗೆ ವರ್ಷವೇ ಇಲ್ಲದವಕ್ಕೆ ಲಿಪಿ ನೋಡಿ ಅಂದಾಜು ಮಾಡುತ್ತಾರೆ, ಸುಮಾರು 450 ಅಂತ. ಆ ‘ಸುಮಾರು’ ಟೇಬಲ್ಲಿನಲ್ಲಿ ಮಾಯವಾಗಬಾರದು. ‘ಇಂದ’, ‘ವರೆಗೆ’ ಅಂತ ಎರಡು ಕಾಲಂ ಇಡಿ.

ಕಲ್ಲಿನ ಹತ್ತಿರ ಹೋಗಿ

ಪುಸ್ತಕದ ಓದಿನ ಮೇಲೆ ಅನುಮಾನ ಬಂದರೆ ಜಾಗಕ್ಕೆ ಹೋಗಲೇಬೇಕು. ನಾನೊಮ್ಮೆ ಮಟಮಟ ಮಧ್ಯಾಹ್ನ ಒಂದು ಹಳ್ಳಿಗೆ ಹೋಗಿ ವೀರಗಲ್ಲಿನ ಮುಂದೆ ಕೂತೆ. ಒಂದಕ್ಷರ ಕಾಣದು. ಕಲ್ಲಿಗೆ ಎಮ್ಮೆ ಕಟ್ಟಿದ್ದ ಅಜ್ಜಿ ನೋಡಿ ನೋಡಿ ಅಂದರು: “ಈಗೇನ್ ಕಾಣ್ತದಪ್ಪ, ಒತ್ತು ಇಳೀಲಿ ಬುಡು.” ಸಂಜೆ ಬಿಸಿಲು ಪಕ್ಕದಿಂದ ಬಿದ್ದಾಗ ಸಾಲು ಸಾಲಾಗಿ ಅಕ್ಷರ ಎದ್ದು ಬಂದವು. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿಗೆ ಒತ್ತಿ ಪಕ್ಕದಿಂದ ಹಿಡಿದರೂ ಅದೇ ಕೆಲಸ ಆಗುತ್ತದೆ.

ಇದನ್ನೇ ಶಾಸ್ತ್ರೀಯವಾಗಿ ಮಾಡುವುದಕ್ಕೆ ಆರ್‌ಟಿಐ ಅನ್ನುತ್ತಾರೆ. ಮಾಹಿತಿ ಹಕ್ಕು ಅಲ್ಲ, ಇದು ರಿಫ್ಲೆಕ್ಟೆನ್ಸ್ ಟ್ರಾನ್ಸ್‌ಫರ್ಮೇಷನ್ ಇಮೇಜಿಂಗ್. ಕ್ಯಾಮೆರಾ ಟ್ರೈಪಾಡ್ ಮೇಲೆ ಅಲುಗಾಡದೆ ಇರಬೇಕು. ಚೌಕಟ್ಟಿನೊಳಗೆ ಒಂದು ಹೊಳೆಯುವ ಕಪ್ಪು ಗುಂಡು ಇಡಿ. ಬೆಳಕನ್ನು ಮಾತ್ರ ಜಾಗ ಬದಲಿಸುತ್ತಾ ನಲವತ್ತು ಐವತ್ತು ಫೋಟೋ ತೆಗೆಯಿರಿ, ಬೆಳಕಿನ ದೂರ ಒಂದೇ ಇರಲು ದಾರ ಕಟ್ಟಿ ಅಳೆಯಿರಿ. ರಿಲೈಟ್ ಅನ್ನೋ ಉಚಿತ ತಂತ್ರಾಂಶ ಗುಂಡಿನ ಮೇಲಿನ ಹೊಳಪು ನೋಡಿ ಬೆಳಕಿನ ದಿಕ್ಕು ಕಂಡುಹಿಡಿಯುತ್ತದೆ. ಆಮೇಲೆ ಮನೆಯಲ್ಲಿ ಕೂತು ಮೌಸಿನಿಂದ ಸೂರ್ಯನನ್ನು ತಿರುಗಿಸಿ ಓದಬಹುದು. 3ಡಿ ಬೇಕಾದರೆ ಸುತ್ತ ನಡೆದು ಒಂದರ ಮೇಲೊಂದು ಬೀಳುವಂತೆ ಫೋಟೋ ತೆಗೆದು ಮೆಷ್‌ರೂಮ್ ಅನ್ನೋ ತಂತ್ರಾಂಶಕ್ಕೆ ಕೊಡಿ. ಬೆಂಗಳೂರಿನ ಶಾಸನಗಳನ್ನು ಮಿಥಿಕ್ ಸೊಸೈಟಿಯವರು 3ಡಿ ಸ್ಕ್ಯಾನ್ ಮಾಡುತ್ತಿದ್ದಾರೆ, ಕೆಲಸ ಎಷ್ಟು ಚೆನ್ನಾಗಿ ಆಗಬಹುದು ಅಂತ ನೋಡೋಕೆ ಅದನ್ನು ಒಮ್ಮೆ ನೋಡಿ.

ಕಲ್ಲಿಗೆ ಸುಣ್ಣ, ಮೈದಾ, ರಂಗೋಲಿ ಪುಡಿ, ಎಣ್ಣೆ ಏನೂ ಹಚ್ಚಬೇಡಿ. ತಂತಿ ಬ್ರಷ್ ಅಂತೂ ಬೇಡವೇ ಬೇಡ. ನೀರು, ಮೆತ್ತನೆ ಬ್ರಷ್ ಸಾಕು. ಪಡಿಯಚ್ಚು (ಕಾಗದ ಒತ್ತಿ ಅಕ್ಷರದ ಅಚ್ಚು) ತೆಗೆಯುವುದು ಕಲಿತವರ ಕೆಲಸ. ಸಂರಕ್ಷಿತ ಸ್ಮಾರಕವಾದರೆ ಟ್ರೈಪಾಡ್ ಬಿಚ್ಚುವ ಮುಂಚೆ ಅನುಮತಿ ಕೇಳಿ.

ಅಲ್ಲಿದ್ದಾಗ ಊರವರು ಆ ಕಲ್ಲಿಗೆ ಏನಂತಾರೆ ಅಂತಲೂ ಕೇಳಿಕೊಳ್ಳಿ. ಅಜ್ಜಿ ಅದನ್ನು ಮಾರಿಕಲ್ಲು ಅಂದರು, ವರ್ಷಕ್ಕೊಮ್ಮೆ ಅರಿಶಿನ ಹಚ್ಚುತ್ತಾರಂತೆ. ನನ್ನ ಟೇಬಲ್ಲಿನಲ್ಲಿ ಅದಕ್ಕೆ ಕಾಲಂ ಇರಲಿಲ್ಲ. ಆಮೇಲೆ ಸೇರಿಸಿದೆ.

ನಕ್ಷೆ

ಅಕ್ಷಾಂಶ ಮೊದಲು, ರೇಖಾಂಶ ಆಮೇಲೆ. ತಿರುವುಮುರುವಾದರೆ ಬೆಂಗಳೂರು ಹೋಗಿ ಸ್ವಾಲ್‌ಬಾರ್ಡ್ ಪಕ್ಕದ ಸಮುದ್ರದಲ್ಲಿ ಬೀಳುತ್ತದೆ, ಉತ್ತರ ಧ್ರುವದ ಹತ್ತಿರ. ಟೇಬಲ್ಲನ್ನು ಸಿಎಸ್‌ವಿ ಫೈಲಾಗಿ ಉಳಿಸಿ ಕ್ಯೂಜಿಐಎಸ್ ಅನ್ನೋ ನಕ್ಷೆ ತಂತ್ರಾಂಶಕ್ಕೆ ಕೊಟ್ಟರೆ ಚುಕ್ಕಿಗಳು ಬರುತ್ತವೆ. ಮ್ಯೂಸಿಯಂಗೆ ಹೋದ ಕಲ್ಲಿಗೆ ಮೂಲ ಊರಿನ ಚುಕ್ಕಿ ಹಾಕಿ, ಇಲ್ಲದಿದ್ದರೆ ಕಬ್ಬನ್ ಪಾರ್ಕ್ ಪಕ್ಕ ದೊಡ್ಡ ಯುದ್ಧ ನಡೆದ ಹಾಗೆ ಕಾಣುತ್ತದೆ.

ಚುಕ್ಕಿ ಒತ್ತಾಗಿ ಕಂಡ ಕಡೆ ಜಗಳ ಜಾಸ್ತಿ ಇತ್ತು ಅನ್ನೋಕೆ ಆಸೆ ಆಗುತ್ತದೆ. ತಡೆಯಿರಿ. ರೈಸ್ ಅವರ ಜನ ಹೋಗಿ ಬರಲು ದಾರಿ ಇದ್ದ ಊರುಗಳಿರಬಹುದು. ಬೇರೆ ಕಡೆಯ ಕಲ್ಲು ಕೆರೆ ಏರಿಗೋ ಮನೆ ಪಾಯಕ್ಕೋ ಹೋಗಿರಬಹುದು. ಅದಕ್ಕೇ ಬರೀ ತುಱುಗೋಳ್ ಕಲ್ಲು ಎಣಿಸಬೇಡಿ, ಆ ಕಾಲದ, ಆ ಜಾಗದ ಒಟ್ಟು ಶಾಸನಗಳಲ್ಲಿ ಅವು ಎಷ್ಟು ಪಾಲು ಅಂತ ನೋಡಿ. ಹನ್ನೊಂದನೇ ಶತಮಾನದಲ್ಲಿ ಎಲ್ಲಾ ಬಗೆಯ ಕಲ್ಲೂ ಜಾಸ್ತಿ ಇದ್ದರೆ, ದನದ ಕಲ್ಲು ಜಾಸ್ತಿ ಇರುವುದು ಸುದ್ದಿಯೇ ಅಲ್ಲ. ಈಗ ಮೊದಲು ಬರೆದಿಟ್ಟ ಆ ಎರಡು ಸಾಲು ತೆಗೆದು ಓದಿ.

ಹಂಚಿಕೊಳ್ಳುವಾಗ

ಟೇಬಲ್, ಕಾಲಂಗಳ ಅರ್ಥ, ಏನೇನು ತಿದ್ದಿದಿರಿ ಅನ್ನೋ ಟಿಪ್ಪಣಿ, ಮೂರನ್ನೂ ಒಟ್ಟಿಗೆ ಇಡಿ. ಜೆನೊಡೋದಂಥ ಜಾಲತಾಣದಲ್ಲಿ ಪುಕ್ಕಟೆ ಇಡಬಹುದು, ಶಾಶ್ವತ ನಂಬರೂ ಸಿಗುತ್ತದೆ. ಊರಾಚೆ ಒಂಟಿಯಾಗಿ ನಿಂತ ಕಲ್ಲುಗಳ ನಿಖರ ಜಾಗ ಮಾತ್ರ ಹಾಕಬೇಡಿ, ಊರಿನ ಹೆಸರು ಸಾಕು. ನಿಧಿ ಆಸೆಗೆ ಕಲ್ಲು ಕಿತ್ತು ಅಗೆಯುವವರು ಈಗಲೂ ಇದ್ದಾರೆ. ಹಳ್ಳಿಯವರು ನಮ್ಮನ್ನು ಅನುಮಾನದಿಂದ ನೋಡುವುದೂ ಅದಕ್ಕೇ.

ಶಾಸನದ ಪಠ್ಯ ಮತ್ತು ಹೊಸಗನ್ನಡದ ಅರ್ಥವನ್ನು ಒಂದು ಹಾಳೆಯಲ್ಲಿ ಪ್ರಿಂಟ್ ಹಾಕಿ ಆ ಊರಿಗೂ ಕೊಟ್ಟು ಬನ್ನಿ. ನಾನು ಕೊಟ್ಟಾಗ ಅಜ್ಜಿ ಮೊದಲು ಕೇಳಿದ್ದು ಒಂದೇ ಮಾತು, ಇದರಲ್ಲಿ ನಿಧಿ ಗಿಧಿ ವಿಷಯ ಏನೂ ಇಲ್ಲ ತಾನೆ ಅಂತ. ಇಲ್ಲ ಅಜ್ಜಿ, ದನ ಬಿಡಿಸೋಕೆ ಹೋಗಿ ಸತ್ತವನ ಕಲ್ಲು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಎಮ್ಮೆಯ ಹಗ್ಗ ಬಿಚ್ಚಿ ಪಕ್ಕದ ಗೂಟಕ್ಕೆ ಕಟ್ಟಿದರು.